ಒಡೆಯದೆ ಹೇಳುವವರು

ಕಲ್ಲಹಳ್ಳಿಯ ಮುದ್ದಮ್ಮನ ಗಂಟಲು ಸುತ್ತ ನಾಲ್ಕು ಊರಿಗೆ ಗೊತ್ತು. ಹಳೇಬೀಡಿನಿಂದ ಅರಸೀಕೆರೆ ಕಡೆ ಹೋಗುವ ಬಸ್ಸು ಇನ್ನೂ ತಿರುವಿನಲ್ಲಿರುವಾಗಲೇ ಅವಳು ಜಗಲಿಯಲ್ಲಿ ನಿಂತು "ತಡೀರಪ್ಪೋ" ಅಂದರೆ ಡ್ರೈವರ್ ಬ್ರೇಕಿನ ಮೇಲೆ ಕಾಲಿಡುತ್ತಾನೆ. ಅವಳ ಗಂಡ ಚನ್ನಪ್ಪನ ಕಿವಿಗೂ ಅಷ್ಟೇ ಹೆಸರು. ಅಂಥ ಗಂಟಲಿಗೆ ಅಂಥ ಕಿವಿಯನ್ನೇ ದೇವರು ಹುಡುಕಿ ಗಂಟು ಹಾಕಿದ್ದಾನೆ ಎಂದು ಊರವರು ನಗುವುದಿತ್ತು.

ಕಿವಿಗೆ ಹೆಸರು ಬಂದದ್ದು ಕೊಬ್ಬರಿಯಿಂದ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹನ್ನೊಂದು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಮೊದಮೊದಲು ಅಲ್ಲಾಡಿಸಿದರೆ ನೀರು ಕುಲುಕುತ್ತದೆ. ನಡುವೆ ಕೆಲವು ತಿಂಗಳು ಏನೂ ಸದ್ದಿಲ್ಲ. ಕೊನೆಗೊಂದು ದಿನ ಒಳಗಿನ ಉಂಡೆ ಚಿಪ್ಪಿಗೆ ಬಡಿದು ಲಟಕ್ ಲಟಕ್ ಅನ್ನುತ್ತದೆ. ಬೇಗ ಸುಲಿದರೆ ಹಸಿ, ತೀರಾ ತಡ ಮಾಡಿದರೆ ಕಮಟು. ಚನ್ನಪ್ಪ ಕಾಯಿಯನ್ನು ಕಿವಿಗೆ ಹಿಡಿದು ಎರಡು ಸಲ ಅಲ್ಲಾಡಿಸಿ "ಆಗೈತೆ" ಅಂದರೆ ಆಯಿತು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಮಹಾಂತೇಶ್ ಒಂದು ಕಾಯನ್ನೂ ಒಡೆದು ನೋಡದೆ ಲಾರಿ ತರುತ್ತಿದ್ದ. ಚನ್ನಪ್ಪ ಎದುರಿಗಿದ್ದಾಗ ಬೇರೆಯವರು ಕಾಯಿಯನ್ನು ಕಿವಿಗೆ ಹಿಡಿಯುವುದು ಆ ಮನೆಯಲ್ಲಿ ಪದ್ಧತಿಯಲ್ಲ.

ಅಂಥವನು ಕಳೆದ ವರ್ಷ ಎಡವಿದ. ಹನ್ನೆರಡನೆಯ ತಿಂಗಳಿಗೆ ಮಹಾಂತೇಶ್ ಬಂದಾಗ "ಇನ್ನೂ ಆಗಿಲ್ಲ" ಎಂದು ವಾಪಸ್ಸು ಕಳಿಸಿದ. ಮರುತಿಂಗಳು ಬಂದಾಗಲೂ ಅದೇ ಮಾತು. ಅದರ ಮರುತಿಂಗಳು ಮಗ ದೀಪಕ್, ಬೇಲೂರು ಡಿಪೋದಲ್ಲಿ ಕಂಡಕ್ಟರ್ ಆಗಿರುವವನು, ಅಪ್ಪ ಹೊಲಕ್ಕೆ ಹೋದ ಹೊತ್ತು ನೋಡಿ ಅಟ್ಟ ಹತ್ತಿ ಹತ್ತು ಕಾಯಿ ಒಡೆದ. ಆರರ ಕೊಬ್ಬರಿ ಕಮಟು ನಾರುತ್ತಿತ್ತು.

"ಅವ್ವ, ಅಪ್ಪಂಗೆ ತಿಂಗಳ ಲೆಕ್ಕನೇ ತಪ್ಪೋಗೈತೆ" ಅಂದ ದೀಪಕ್.

ಒಂದು ಹೊರಗೆ ಬಿದ್ದ ಮೇಲೆ ಉಳಿದವೂ ಸಾಲುಗಟ್ಟಿ ಬಂದವು. ಸೊಸೆ ನಯನಾ ಸಾಸಿವೆ ತನ್ನಿ ಎಂದು ಹೇಳಿ ಕಳಿಸಿದರೆ ಮಾವ "ಹ್ಞೂಂ" ಎಂದು ಹೋಗಿ ಬರಿಗೈಲಿ ಬರುತ್ತಿದ್ದರು. ತೊಟ್ಟಿ ತುಂಬಿ ನೀರು ಹರಿದು ಹೋಗುತ್ತಿದ್ದರೂ ಬೆನ್ನು ಹಾಕಿ ಕೂತೇ ಇರುತ್ತಿದ್ದರು. ಚನ್ನಪ್ಪ ಅರಳಿಕಟ್ಟೆಗೆ ಹೋಗುವುದನ್ನು ಬಿಟ್ಟ. ಮದುವೆ ಮನೆಗೆ ಹೋದರೆ ಮೂಲೆ ಹಿಡಿದು ಕೂತು, ಯಾರು ಏನು ಹೇಳಿದರೂ ನಕ್ಕು ತಲೆಯಾಡಿಸುತ್ತಿದ್ದ. ಮುದ್ದಮ್ಮ ಹೇಳಿದ್ದನ್ನು ಮಾತ್ರ ಒಂದೂ ತಪ್ಪದೆ ಮಾಡುತ್ತಿದ್ದ. ಇದರಿಂದ ಮುದ್ದಮ್ಮನಿಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಬೇಕು. ಯಾರ ಮಾತು ಮರೆತರೂ ನನ್ನ ಮಾತು ಮರೆಯಲ್ಲ ನೋಡು ಎಂದುಕೊಳ್ಳುತ್ತಿದ್ದಳು.

ಆ ಜಂಬದ ಕೆಳಗೆ ಇದ್ದದ್ದು ಭಯ. ಅತ್ತೆ ಲಕ್ಕಮ್ಮನನ್ನು ಆರು ವರ್ಷ ನೋಡಿಕೊಂಡವಳು ಮುದ್ದಮ್ಮ. ಮೊದಲು ದಾರಿ ಮರೆತರು, ಆಮೇಲೆ ಊಟ ಮಾಡಿದ್ದನ್ನು ಮರೆತರು, ಕೊನೆಗೆ ಹೆತ್ತ ಮಗನನ್ನೇ ಮರೆತರು. ಸಾಯುವ ಹಿಂದಿನ ವಾರ ಸೊಸೆಯ ಗಲ್ಲ ಸವರಿ "ಯಾರವ್ವ ನೀನು? ಒಳ್ಳೆ ಹೆಣ್ಣು ಕಣವ್ವ" ಅಂದಿದ್ದರು. ಅತ್ತೆ ಕೇಳಿದಾಗ ಹೇಗೋ ತಡೆದುಕೊಂಡಿದ್ದಳು. ಅದೇ ಮಾತನ್ನು ಗಂಡ ಕೇಳುವ ದಿನ ಬಂದರೆ ತಾನು ಬದುಕಿರಬಾರದು ಎಂದು ಮುದ್ದಮ್ಮನಿಗೆ ಅನ್ನಿಸುತ್ತಿತ್ತು. "ಅತ್ತೆಯ ಕಾಯಿಲೆ" ಅನ್ನುವ ಮಾತನ್ನು ಮಗ ಸೊಸೆಯ ಹತ್ತಿರ ಆಡುವಾಗ ಮಾತ್ರ ಅವಳು ಪಿಸುಗುಟ್ಟುತ್ತಿದ್ದಳು. ಊರಿಗೆಲ್ಲ ಕೇಳುವ ಆ ಗಂಟಲು ಅದೊಂದಕ್ಕೆ ಇಳಿಯುತ್ತಿತ್ತು.

ಬೆಂಗಳೂರಿನ ಸಂಶೋಧಕರ ತಂಡವೊಂದು ಬೇಲೂರಿನಲ್ಲಿ ಬಾಡಿಗೆ ಮನೆ ಹಿಡಿದು ಮರೆವಿನ ಕಾಯಿಲೆಯ ಬಗ್ಗೆ ಹಳ್ಳಿಗಳಲ್ಲಿ ಪರೀಕ್ಷೆ ಮಾಡುತ್ತಿದೆ, ಹಳೇಬೀಡಿನ ಛತ್ರದಲ್ಲಿ ಶುಕ್ರವಾರ ಕ್ಯಾಂಪು ಎಂದು ದೀಪಕ್ ಸುದ್ದಿ ತಂದ. ಚನ್ನಪ್ಪನನ್ನು ಹೊರಡಿಸಿದರು. ಛತ್ರದಲ್ಲಿ ಜಾತ್ರೆಯ ಗದ್ದಲ, ತಲೆಯ ಮೇಲೆ ಗರಗರ ಫ್ಯಾನು. ನೆಗಡಿಯ ಕಾಲ, ಸಿಬ್ಬಂದಿಯ ಮುಖಕ್ಕೆಲ್ಲ ಮಾಸ್ಕು. ಇವರ ಪಾಲಿಗೆ ಬಂದ ನರ್ಸು ಗೆಂಡೆಹಳ್ಳಿಯ ಲತಾಮಣಿ, ಮೂವತ್ತರ ಆಸುಪಾಸಿನ ಚುರುಕು ಹುಡುಗಿ. ಈಗ ಯಾವ ತಿಂಗಳು, ನೂರರಿಂದ ಏಳು ಕಳೆದರೆ ಎಷ್ಟು, ನಾನು ಹೇಳುವ ಮೂರು ಪದ ನೆನಪಿಟ್ಟುಕೊಂಡು ಆಮೇಲೆ ಹೇಳಿ ಎಂದು ಒಂದೊಂದಾಗಿ ಕೇಳಿದಳು. ಚನ್ನಪ್ಪ ನಕ್ಕ. ತಲೆಯಾಡಿಸಿದ. ಎರಡು ಸಲ "ಹ್ಞೂಂ" ಅಂದ. ಮೂವತ್ತಕ್ಕೆ ಒಂಬತ್ತು ಅಂಕ ಬಂತು.

"ಕಣ್ಣು ಕಾಣಿಸುತ್ತಾ? ಕಿವಿ ಚೆನ್ನಾಗಿ ಕೇಳಿಸುತ್ತಾ?" ಎಂದು ಲತಾಮಣಿ ಫಾರಂ ಮುಂದುವರಿಸಿದಳು.

ಗಂಡನಿಗೆ ಕೇಳಿದ ಪ್ರಶ್ನೆಗೆ ಹೆಂಡತಿ ಉತ್ತರ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಮುದ್ದಮ್ಮ ಮುಂದೆ ಬಂದಳು. "ಕಿವಿಗೇನವ್ವ ಧಾಡಿ! ಹೋಬಳಿಗೇ ಹೆಸರಾದ ಕಿವಿ ಅದು. ಅರಸೀಕೆರೆ ಮಂಡೀಲಿ ಯಾರನ್ನ ಬೇಕಾದ್ರೂ ಕೇಳು."

ಸಾಲಿನಲ್ಲಿದ್ದ ಕಲ್ಲಹಳ್ಳಿಯವರು ಹೌದೌದು ಎಂದು ಸಾಕ್ಷಿ ಹೇಳಿದರು. ಲತಾಮಣಿಯೂ ನಕ್ಕು ಟಿಕ್ ಹಾಕಿದಳು.

ಇನ್ನು ರಕ್ತ ಕೊಡಬೇಕು ಅಂದಾಗ ಮುದ್ದಮ್ಮ ಕಾಲು ಕೆರೆದು ನಿಂತಳು. "ಶುಕ್ರವಾರ ನಾವು ಹೆಪ್ಪಿಗೆ ಒಂದು ತೊಟ್ಟು ಮಜ್ಜಿಗೆನೂ ಆಚೆ ಕೊಡಲ್ಲ. ರಕ್ತ ಕೊಡ್ತೀವಾ?"

ಲತಾಮಣಿ ವಾದಕ್ಕೆ ಇಳಿಯಲಿಲ್ಲ. "ಹಾಗಾದ್ರೆ ನಾಳೆ ಬೆಳಗ್ಗೆ ನಾನೇ ನಿಮ್ಮನೆಗೆ ಬರ್ತೀನಿ ಬಿಡಿ ಅಮ್ಮ" ಅಂದಳು. ಮುದ್ದಮ್ಮನಿಗೆ ಆ ಹುಡುಗಿ ಹಿಡಿಸಿದ್ದು ಆಗಲೇ.

ಹೇಳಿದಂತೆ ಶನಿವಾರ ಏಳು ಗಂಟೆಗೆಲ್ಲ ಸ್ಕೂಟರಿನಲ್ಲಿ ಬಂದಳು. ಹಿಂದಿನ ಸೀಟಿಗೆ ಐಸ್ ಡಬ್ಬ ಕಟ್ಟಿಕೊಂಡಿದ್ದಳು. ಚನ್ನಪ್ಪನಿಗೆ ವಿವರ ಹೇಳಿ ಸಹಿ ಹಾಕಿಸಿಕೊಂಡಳು. ಅವನು ಅದಕ್ಕೂ "ಹ್ಞೂಂ" ಅಂದ. ನೇರಳೆ ಮುಚ್ಚಳದ ಸಣ್ಣ ಕೊಳವೆಯಲ್ಲಿ ರಕ್ತ ತುಂಬುತ್ತಿರುವುದನ್ನು ನೋಡುತ್ತ ಮುದ್ದಮ್ಮ ಪಿಸುದನಿಯಲ್ಲಿ ಕೇಳಿದಳು, "ಕಾಯಿಲೆ ಇರೋದು ತಲೇಲಿ. ತೋಳಿಂದ ರಕ್ತ ತೆಗುದ್ರೆ ಹೆಂಗವ್ವ ಗೊತ್ತಾಯ್ತದೆ?"

"ಮೆದುಳಿನ ನರದೊಳಗೆ ಟಾವ್ ಅಂತ ಒಂದು ಪ್ರೋಟೀನ್ ಇದೆ ಅಮ್ಮ. ಚಪ್ಪರಕ್ಕೆ ಗಳ ಇದ್ದ ಹಾಗೆ, ನರಕ್ಕೆ ಅದೇ ಆಧಾರ. ಈ ಕಾಯಿಲೆ ಶುರುವಾದ್ರೆ ಅದು ಕೆಟ್ಟು ಗಂಟುಗಂಟಾಗುತ್ತೆ. ಕೆಟ್ಟದ್ದು ಒಂದಿಷ್ಟು ರಕ್ತಕ್ಕೂ ಇಳಿಯುತ್ತೆ. ಎಷ್ಟು ಅಂದ್ರೆ ಕೆರೆಗೆ ಒಂದು ಚಿಟಿಕೆ ಉಪ್ಪು ಹಾಕಿದಷ್ಟು. ಅಷ್ಟನ್ನೂ ಹುಡುಕಿ ಹೇಳೋ ಮಿಷನ್ ಈಗ ಬಂದಿದೆ."

"ತಲೆ ಒಡೀದೇ?"

"ನಿಮ್ಮ ಯಜಮಾನ್ರು ಕಾಯಿ ಒಡೀದೇ ಒಳಗೆ ಏನಿದೆ ಅಂತ ಹೇಳಲ್ವಾ? ಹಾಗೇ."

ಮುದ್ದಮ್ಮನಿಗೆ ಇದು ಸರಿಯಾಗಿ ತಲೆಗೆ ಹೋಯಿತು. ಒಂದು ಲೋಟ ಕಾಫಿ ಕುಡಿದು ಹೋಗೆಂದರೆ ಹುಡುಗಿ ಒಪ್ಪಲಿಲ್ಲ. ರಕ್ತವನ್ನು ಎರಡು ಗಂಟೆಯೊಳಗೆ ಬೇಲೂರಿಗೆ ಮುಟ್ಟಿಸಿ, ಮಿಷನ್ನಿನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನು ಬೇರೆ ಮಾಡಿ ಮಂಜುಗಡ್ಡೆಯಂತೆ ಗಟ್ಟಿ ಮಾಡಿಡಬೇಕಂತೆ. ತಡವಾದರೆ ಪ್ರೋಟೀನ್ ಕೆಡುತ್ತದಂತೆ.

"ಡೇರಿಗೆ ಹಾಲು ಹೊತ್ಕೊಂಡು ಓಡೋರಂಗೆ ಓಡ್ತೀಯಲ್ಲೇ" ಎಂದು ಮುದ್ದಮ್ಮ ಡಬ್ಬ ಕಟ್ಟಲು ಕೈಕೊಟ್ಟಳು. "ಇದರಾಗೆ ನಿಂಗ್ಯಾಕವ್ವ ಇಷ್ಟು ಆಸೆ?"

ಲತಾಮಣಿ ಹೆಲ್ಮೆಟ್ ಕೈಯಲ್ಲೇ ಹಿಡಿದು ನಿಂತಳು. "ನಮ್ಮಪ್ಪನಿಗೆ ಇದೇ ಕಾಯಿಲೆ ಅಮ್ಮ. ತಮ್ಮಯ್ಯ ಮೇಷ್ಟ್ರು ಅಂತ. ನಿಮ್ಮ ದೀಪಕ್‌ಗೂ ಪಾಠ ಮಾಡಿರ್ತಾರೆ. ಈ ಪರೀಕ್ಷೆ ಸರಿಯೋ ತಪ್ಪೋ ಅಂತ ಯಾರಿಗೂ ಗೊತ್ತಿಲ್ಲದಾಗಿನಿಂದ ವರ್ಷಕ್ಕೊಂದು ಸಲ ರಕ್ತ ಕೊಟ್ಟಿದ್ದಾರೆ. 'ನಂಗಂತೂ ಉಪಯೋಗ ಇಲ್ಲ, ನನ್ನ ರಕ್ತ ನೋಡಿ ಇನ್ನೊಬ್ಬರದು ಗೊತ್ತಾಗಲಿ' ಅಂತಿದ್ರು ಅಪ್ಪ. ಕಾಯಿಲೆ ಇರೋರದು ಹೇಗಿರುತ್ತೆ ಅಂತ ಗೊತ್ತಿದ್ರೆ ತಾನೇ ಇಲ್ಲದೋರದು ಗೊತ್ತಾಗೋದು."

ಸ್ಕೂಟರ್ ತಿರುವು ದಾಟುವವರೆಗೂ ಮುದ್ದಮ್ಮ ನೋಡುತ್ತ ನಿಂತಿದ್ದಳು.

ಫಲಿತಾಂಶಕ್ಕೆ ಐದು ವಾರ ಅಂದಿದ್ದರು. ಆ ಐದು ವಾರ ಮುದ್ದಮ್ಮ ಮನೆದೇವರನ್ನೂ ಬಿಡಲಿಲ್ಲ, ಗಂಡನನ್ನೂ ಬಿಡಲಿಲ್ಲ. ದಿನಾ ಬೆಳಗ್ಗೆ ಮುಖದ ಹತ್ತಿರ ಬಂದು ಕೇಳುವಳು.

"ರೀ, ನಾನ್ಯಾರು?"

"ನನ್ನ ಪ್ರಾರಬ್ಧ."

ಆ ಉತ್ತರ ಬಂದರೆ ಅವಳಿಗೆ ಆ ದಿನಕ್ಕೆ ಸಾಕು. ಒಲೆ ಹಚ್ಚಲು ಒಳಗೆ ಹೋಗುವಳು. ಮದುವೆಯಾದ ನಲವತ್ತೆರಡು ವರ್ಷದಲ್ಲಿ ಬೈಸಿಕೊಂಡು ಅಷ್ಟು ಸಂತೋಷಪಟ್ಟದ್ದು ಅವಳಿಗೆ ನೆನಪಿರಲಿಲ್ಲ.

ಬೇಲೂರಿಗೆ ಬನ್ನಿ ಎಂದು ಫೋನು ಬಂತು. ಒಳ್ಳೆಯದು ಹೇಳಲಿ ಕೆಟ್ಟದ್ದು ಹೇಳಲಿ, ಶನಿವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮನೆಗೆ ಬಂದುಹೋದ ಹುಡುಗಿಯ ಎದುರಿಗೆ ಬರಿಗೈಯಲ್ಲಿ ಹೋಗಬಾರದು. ಅಟ್ಟದಲ್ಲಿ ಈ ವರ್ಷದ ಕಾಯಿ ಇತ್ತು. ಚನ್ನಪ್ಪ ಅದಕ್ಕೂ ಇನ್ನೂ ಆಗಿಲ್ಲ ಅಂದಿದ್ದ. ಆಗಿದ್ದರೆ ಕೊಬ್ಬರಿ, ಆಗದಿದ್ದರೆ ಚಟ್ನಿ ಎಂದುಕೊಂಡು ಮುದ್ದಮ್ಮ ಆಳಿನ ಕೈಯಲ್ಲಿ ಒಂದನ್ನು ಸುಲಿಸಿ, ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಬೇಲೂರಿನ ಬಾಡಿಗೆ ಮನೆಯ ನಡುಕೋಣೆಯಲ್ಲಿ ಡಾಕ್ಟರ್ ಸಿದ್ಧಾರ್ಥ ಕೂತಿದ್ದರು. ಲತಾಮಣಿ ಫೈಲು ತಂದಿಟ್ಟಳು. ಡಾಕ್ಟರು ಸುತ್ತಿ ಬಳಸದೆ ಹೇಳಿದರು.

"ಅಮ್ಮ, ಇವರ ರಕ್ತದಲ್ಲಿ ಆ ಪ್ರೋಟೀನ್ ಹೆಚ್ಚಿಲ್ಲ. ನಿಮ್ಮ ಅತ್ತೆಯವರಿಗೆ ಇದ್ದ ಕಾಯಿಲೆ ಇವರಿಗೆ ಇರೋ ಹಾಗೆ ಕಾಣಲ್ಲ."

ಮುದ್ದಮ್ಮನಿಗೆ ಸಂತೋಷವಾಗಬೇಕಿತ್ತು. ಬದಲಿಗೆ ಸಿಟ್ಟು ಬಂತು. ಐದು ವಾರ ಎದೆಯೊಳಗೆ ಕಲ್ಲು ಹೊತ್ತವಳಿಗೆ ಅದನ್ನು ಇಳಿಸು ಅಂದರೆ ಎಲ್ಲಿ ಇಳಿಸಬೇಕು?

"ಹಂಗಾದ್ರೆ ಇವ್ರಿಗೆ ಆಗಿರೋದಾದ್ರೂ ಏನು? ತಿಂಗಳ ಲೆಕ್ಕ ತಪ್ತದೆ. ಹೇಳಿದ್ದು ನೆನಪಿರಲ್ಲ. ನೀವೇ ಒಂಬತ್ತು ಅಂಕ ಕೊಟ್ರಿ. ನಿಮ್ಮ ಮಿಷನ್ನೇ ತಪ್ಪು ಹೇಳಿರಬೇಕು!"

"ಮಿಷನ್ನೂ ತಪ್ಪಬಹುದು, ಇಲ್ಲ ಅನ್ನಲ್ಲ. ಆದ್ರೆ ಎರಡು ಸಲ ನೋಡಿದ್ದೀವಿ. ಕಾಯಿಲೆ ಅದಲ್ಲ ಅಂದ್ಮೇಲೆ ಬೇರೆ ಏನೋ ಇದೆ. ಅದನ್ನ ಈಗ ಹುಡುಕಬೇಕು" ಎಂದು ಡಾಕ್ಟರು ಹಳೆಯ ಫಾರಂ ಮೊದಲಿನಿಂದ ತಿರುವತೊಡಗಿದರು.

ಏನು ಮಾಡುವುದೆಂದು ತಿಳಿಯದೆ ಮುದ್ದಮ್ಮ ಚೀಲಕ್ಕೆ ಕೈಹಾಕಿ ಕಾಯಿ ತೆಗೆದು ಲತಾಮಣಿಗೆ ಕೊಟ್ಟಳು. "ತಗೋಳವ್ವ. ಇನ್ನೊಂದು ತಿಂಗಳು ಇಟ್ಕೋ, ಕೊಬ್ಬರಿ ಆಯ್ತದೆ."

ಆ ಮನೆಯ ಪದ್ಧತಿ ಗೊತ್ತಿಲ್ಲದ ಲತಾಮಣಿ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಲಟಕ್ ಲಟಕ್.

"ಆಗಿದೆಯಲ್ಲಮ್ಮ! ಚೆನ್ನಾಗಿ ಒಣಗಿದೆ."

ತನ್ನ ಕಾಯಿಯನ್ನು ಇನ್ನೊಬ್ಬರು ಕಿವಿಗೆ ಹಿಡಿದದ್ದು ಕಂಡ ಚನ್ನಪ್ಪ ಕುರ್ಚಿಯಿಂದ ಎದ್ದ. ಅಷ್ಟು ಹೊತ್ತು ಗೋಡೆ ನೋಡುತ್ತ ಕೂತಿದ್ದವನ ಮುಖಕ್ಕೆ ಕಳೆ ಬಂತು. ಕಾಯನ್ನು ಅವಳ ಕೈಯಿಂದ ತೆಗೆದುಕೊಂಡು, ಕಣ್ಣುಮುಚ್ಚಿ, ಕಿವಿಗೆ ಒತ್ತಿ ಹಿಡಿದು ಎರಡು ಸಲ ಅಲ್ಲಾಡಿಸಿದ. ಲಟಕ್ ಲಟಕ್. ಮುದ್ದಮ್ಮನಿಗೆ ಕೇಳಿಸಿತು. ಮೇಜಿನಾಚೆ ಕೂತ ಡಾಕ್ಟರಿಗೂ ಕೇಳಿಸಿತು.

"ಇನ್ನೂ ಆಗಿಲ್ಲ" ಅಂದ ಚನ್ನಪ್ಪ.

ಮತ್ತೊಮ್ಮೆ ಅಲ್ಲಾಡಿಸಿ ನೋಡಿದ. ಕಣ್ಣು ತೆರೆದಾಗ ಮೂವರೂ ತನ್ನನ್ನೇ ನೋಡುತ್ತಿರುವುದು ಕಂಡು ಅಭ್ಯಾಸದಂತೆ ನಕ್ಕು ತಲೆಯಾಡಿಸಿದ. ಡಾಕ್ಟರು ಎದ್ದು ಅವನ ಬೆನ್ನ ಹಿಂದೆ ಹೋಗಿ "ಚನ್ನಪ್ಪನವರೇ" ಎಂದು ಕರೆದರು. ಅವನು ತಿರುಗಲಿಲ್ಲ. ಇನ್ನೊಮ್ಮೆ ಕರೆದರೂ ತಿರುಗಲಿಲ್ಲ.

ಲತಾಮಣಿ ಫಾರಂ ಎಳೆದುಕೊಂಡು ತಾನೇ ಹಾಕಿದ ಟಿಕ್ಕನ್ನು ನೋಡಿದಳು. ಅವಳ ಮುಖ ಕೆಂಪಾಯಿತು. "ನಂದೇ ತಪ್ಪು ಸರ್. ಅವರನ್ನೇ ಪರೀಕ್ಷೆ ಮಾಡ್ದೆ ಹಾಕಿಬಿಟ್ಟೆ."

"ನಿಂದಲ್ಲ ಕಣವ್ವ" ಅಂದಳು ಮುದ್ದಮ್ಮ. "ಉತ್ರ ಹೇಳಿದ್ದು ನನ್ನ ಬಾಯಿ."

ಅವಳು ಗಂಡನ ಮುಂದೆ ಹೋಗಿ, ಎರಡೂ ಕೈಯಲ್ಲಿ ಅವನ ಕೆನ್ನೆ ಹಿಡಿದು, ತನ್ನ ಎಂದಿನ ಗಂಟಲಿನಲ್ಲಿ ಕೇಳಿದಳು, "ಎಷ್ಟು ದಿನದಿಂದ ಕೇಳಿಸ್ತಿಲ್ರೀ ನಿಮ್ಗೆ?"

ಚನ್ನಪ್ಪ ಕಾಯನ್ನು ಮೇಜಿನ ಮೇಲಿಟ್ಟ. ಅದು ಉರುಳದಂತೆ ಫೈಲನ್ನು ಒತ್ತುಕೊಟ್ಟು ನಿಲ್ಲಿಸಿದ.

"ಮೂರು ವರ್ಷ ಆಗಿರಬೌದು. ಮಂಕು ಕವಿದಂಗೆ ಬಂತು. ಯಾರ್ಗೆ ಹೇಳ್ಲಿ? ಚನ್ನಪ್ಪನ ಕಿವಿ ಹೋಯ್ತು ಅಂದ್ರೆ ಚನ್ನಪ್ಪನೇ ಹೋದಂಗೆ. ಮರ್ತೋಯ್ತಾ ಅಂತ ಮನೆಯೋರೆಲ್ಲ ನೀವೇ ಅಂತಿದ್ರಿ. ಹ್ಞೂಂ, ಮರ್ತೋಯ್ತು ಅಂತಿದ್ದೆ. ಅದೇ ವಾಸಿ ಅನ್ನಿಸ್ತು."

"ಅತ್ತೆ ಕಾಯಿಲೆ ಬಂತು ನಿಮ್ಗೆ ಅಂತ ನಾನು ಸತ್ತು ಸತ್ತು ಬದುಕ್ತಿದ್ನಲ್ರೀ!"

ಅವನು ಬೆಚ್ಚಿ ಅವಳನ್ನು ನೋಡಿದ. "ಅವ್ವನ ಕಾಯಿಲೆನಾ? ಹಂಗಂತ ಯಾವತ್ತು ಅಂದ್ಯೇ? ರಕ್ತ ತಕ್ಕೊಂಡಿದ್ದು ಸಕ್ಕರೆ ಕಾಯಿಲೆಗೆ ಅಂದ್ಕೊಂಡಿದ್ದೆ."

ಅದೊಂದನ್ನು ಮಾತ್ರ ಪಿಸುಗುಟ್ಟಿದ್ದು ಮುದ್ದಮ್ಮನಿಗೆ ಆಗ ನೆನಪಾಯಿತು. ಅವಳು ಡಾಕ್ಟರ ಎದುರಿಗೇ ಗೋಳೋ ಎಂದು ಅತ್ತುಬಿಟ್ಟಳು. ಅತ್ತದ್ದು ಹೊರಗಿನ ರಸ್ತೆಗೂ ಕೇಳಿಸಿರಬೇಕು.

ಹಾಸನದಲ್ಲಿ ಕಿವಿಯ ಪರೀಕ್ಷೆಯಾಗಿ, ಎರಡೂ ಕಿವಿಗೆ ಮಿಷನ್ ಬಂತು. ಹಾಕಿಸಿಕೊಂಡು ಬಸ್ಸು ಹತ್ತಿದ ಚನ್ನಪ್ಪ ಎಳೆ ಮಗುವಿನಂತೆ ಅತ್ತ ಇತ್ತ ತಿರುಗಿ ನೋಡುತ್ತಿದ್ದ. ಟಿಕೆಟ್ ಹರಿಯುವ ಸದ್ದಿಗೂ ತಿರುಗಿದ, ಹಿಂದಿನ ಸೀಟಿನವರು ಕಡಲೆಕಾಯಿ ಸುಲಿಯುವ ಸದ್ದಿಗೂ ತಿರುಗಿದ. ಮುದ್ದಮ್ಮ ಎಂದಿನಂತೆ "ಹೆಂಗೈತ್ರೀ?" ಅಂದಾಗ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡ.

"ಅಯ್ಯೋ, ಮೆಲ್ಲಗೆ ಮಾತಾಡೇ ಮಾರಾಯ್ತಿ! ಯಾಕಂಗೆ ಕಿರುಚ್ತೀಯ?"

ಬಸ್ಸೆಲ್ಲ ನಕ್ಕಿತು. ಮುದ್ದಮ್ಮನೂ ನಕ್ಕಳು. ನಲವತ್ತೆರಡು ವರ್ಷ ಸಂಸಾರ ನಡೆಸಿದ ಗಂಟಲನ್ನು ಅರವತ್ತೈದರಲ್ಲಿ ತಗ್ಗಿಸಲು ಕಲಿಯಬೇಕಾಯಿತು. ಕಷ್ಟವೇ ಆಯಿತು, ಆದರೂ ಕಲಿತಳು. ಮುಂದಿನ ವಾರ ಚನ್ನಪ್ಪ ಅಟ್ಟ ಹತ್ತಿ, ಒಂದೊಂದೇ ಕಾಯಿ ಎತ್ತಿ ಕೇಳಿ, "ಆಗೈತೆ, ಆಗೈತೆ" ಎಂದು ಮೇಲಿಂದ ಕೂಗುತ್ತಿದ್ದರೆ ಅವಳು ಕೆಳಗೆ ಏಣಿಯ ಬುಡದಲ್ಲಿ ನಿಂತು ಕೈ ಮುಗಿದಳು. ಯಾರಿಗೆ ಮುಗಿದೆ ಎಂದು ಆಮೇಲೆ ಯೋಚನೆ ಬಂತು. ಡಾಕ್ಟರಿಗೆ ಮುಗಿದಾಗಿತ್ತು, ಲತಾಮಣಿಗೆ ಮುಗಿದಾಗಿತ್ತು. ಇನ್ನೊಬ್ಬರು ಉಳಿದಿದ್ದರು.

ಆ ಭಾನುವಾರ ಗಂಡ ಹೆಂಡತಿ ಇಬ್ಬರೂ ಏಳು ಕೊಬ್ಬರಿ ಕಾಯಿ ಆರಿಸಿ ಚೀಲಕ್ಕೆ ಹಾಕಿಕೊಂಡು ಗೆಂಡೆಹಳ್ಳಿಗೆ ಹೋದರು. ಗೆಂಡೆಹಳ್ಳಿಗೆ ಮುದ್ದಮ್ಮ ಎಷ್ಟೋ ಸಲ ಬಂದಿದ್ದಳು, ತಮ್ಮಯ್ಯ ಮೇಷ್ಟ್ರ ಕೇರಿಗೆ ಒಂದು ಸಲವೂ ಕಾಲಿಟ್ಟಿರಲಿಲ್ಲ. ಅವರು ತನ್ನ ಮಗನಿಗೆ ಮೂರು ವರ್ಷ ಪಾಠ ಹೇಳಿದ್ದರು, ಆಗಲೂ ಇಟ್ಟಿರಲಿಲ್ಲ. ಯಾಕೆ ಎನ್ನುವುದು ಅವಳಿಗೂ ಗೊತ್ತು, ಊರಿಗೂ ಗೊತ್ತು. ಇವತ್ತು ಆ ಕೇರಿ ಹುಡುಕಿಕೊಂಡು ಹೋಗುವಾಗ ಅವಳಿಗೆ ನಾಚಿಕೆಯಾಯಿತು.

ಬುದ್ಧನ ಪಟದ ಕೆಳಗೆ, ಪುಸ್ತಕದ ಬೀರುವಿನ ಪಕ್ಕ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೇಷ್ಟ್ರು ಕೂತಿದ್ದರು. ಲತಾಮಣಿ ಗಡಿಬಿಡಿಯಿಂದ ಕುರ್ಚಿ ಹಾಕಿ ಕಾಫಿ ತಂದಳು. ಮುದ್ದಮ್ಮ ಲೋಟ ತೆಗೆದುಕೊಂಡು ಕುಡಿದಳು.

"ಯಾವೂರು ನಿಮ್ಮದು?" ಎಂದರು ಮೇಷ್ಟ್ರು.

"ಕಲ್ಲಹಳ್ಳಿ ಮೇಷ್ಟ್ರೇ. ದೀಪಕನ ಅಪ್ಪ ನಾನು" ಅಂದ ಚನ್ನಪ್ಪ.

"ಓ, ದೀಪಕ! ಲೆಕ್ಕದಲ್ಲಿ ಹಿಂದೆ, ಓಟದಲ್ಲಿ ಮುಂದೆ." ಮೇಷ್ಟ್ರು ನಕ್ಕರು. ಕಾಫಿ ಮುಗಿಯುವ ಹೊತ್ತಿಗೆ ಮತ್ತೆ ಕೇಳಿದರು, "ಯಾವೂರು ನಿಮ್ಮದು?"

"ಅಪ್ಪಾ, ಈಗ ತಾನೇ..." ಎಂದ ಲತಾಮಣಿಯನ್ನು ಚನ್ನಪ್ಪ ಕೈಯೆತ್ತಿ ತಡೆದ.

"ಕೇಳ್ಲಿ ಬಿಡಮ್ಮ. ಮೂರು ವರ್ಷ ಯಾರು ಏನು ಕೇಳಿದ್ರೂ ಹ್ಞೂಂ ಅಂದ್ಕೊಂಡಿದ್ದೋನು ನಾನು. ಈಗ ಉತ್ರ ಕೊಡಕ್ಕಾಯ್ತದಲ್ಲ, ನಂಗದೇ ಹಬ್ಬ." ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಹೇಳಿದ, "ಕಲ್ಲಹಳ್ಳಿ ಮೇಷ್ಟ್ರೇ. ದೀಪಕನ ಅಪ್ಪ."

ಮುದ್ದಮ್ಮ ಚೀಲವನ್ನು ಮೇಷ್ಟ್ರ ಕಾಲ ಬಳಿ ಇಟ್ಟಳು. ಹೊಸದಾಗಿ ಕಲಿತ ಮೆಲುದನಿಯಲ್ಲಿ ಹೇಳಿದಳು, "ನಿಮ್ಮ ರಕ್ತ ನೋಡಿ ಇವರ ರಕ್ತ ಓದಿದ್ರು ಮೇಷ್ಟ್ರೇ. ಅದಲ್ಲ ಅಂತ ಗೊತ್ತಾಗಿದ್ದಕ್ಕೆ ಇದು ಸಿಕ್ತು. ನನ್ನ ಗಂಡನ್ನ ನಂಗೆ ವಾಪಸ್ ಕೊಟ್ರಿ. ನಿಮ್ಮ ಋಣ ದೊಡ್ಡದು."

ಮೇಷ್ಟ್ರು ಗಮನವಿಟ್ಟು ಕೇಳಿದರು. ಪಾಠ ಒಪ್ಪಿಸಿದ ಮಗುವಿಗೆ ಅನ್ನುವಂತೆ "ಒಳ್ಳೇದಾಯ್ತಮ್ಮ, ತುಂಬ ಒಳ್ಳೇದಾಯ್ತು" ಅಂದರು. ಲತಾಮಣಿ ಬಾಗಿಲಿಗೆ ಒರಗಿ ನಿಂತು ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು.

ಮೇಷ್ಟ್ರು ಚೀಲದಿಂದ ಒಂದು ಕಾಯಿ ಎತ್ತಿಕೊಂಡು ಅಲ್ಲಾಡಿಸಿದರು. ಲಟಕ್ ಅಂದದ್ದು ಕೇಳಿ ಅವರಿಗೆ ಖುಷಿಯಾಯಿತು, ಮತ್ತೆ ಅಲ್ಲಾಡಿಸಿದರು. ಆಮೇಲೆ ಮುದ್ದಮ್ಮನ ಕಡೆ ತಿರುಗಿ ಕೇಳಿದರು.

"ಇದೆಲ್ಲ ಯಾಕೆ ತಂದ್ರಿ? ಯಾ‌ರಮ್ಮ ನೀವು?"

ಯಾವ ಮಾತಿಗೆ ವರ್ಷಗಟ್ಟಲೆ ಹೆದರಿದ್ದಳೋ ಅದೇ ಮಾತು. ಮುದ್ದಮ್ಮ ಬಾಗಿಲಲ್ಲಿದ್ದ ಹುಡುಗಿಯನ್ನು ನೋಡಿದಳು. ಅವಳು ಇದನ್ನು ದಿನಾ ಕೇಳಿಸಿಕೊಳ್ಳುತ್ತಿರಬೇಕು. ಋಣದ ಮಾತನ್ನು ಒಂದು ಸಲ ಹೇಳಿದ್ದು ಮುದ್ದಮ್ಮನಿಗೂ ಸಾಕಾಗಿರಲಿಲ್ಲ. ಅವಳು ಮೇಷ್ಟ್ರ ಎದುರು ಚಾಪೆಯ ಮೇಲೆ ಕೂತು, ಸೆರಗು ಸರಿಮಾಡಿಕೊಂಡು, ಮೊದಲಿನಿಂದ ಹೇಳತೊಡಗಿದಳು.